ಅಂಕುಡೊಂಕು ಕಲ್ಲಿನ ಸಾಂದ್ರತೆಯನ್ನು ಅಳೆಯುವುದು ಹೇಗೆ?

ಸಾಂದ್ರತೆ ಅಂದರೆ ಒಂದು ಘನ ಸೆಂಟಿಮೀಟರ್ ಗಾತ್ರಕ್ಕೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ಸ್ಕೇಲಿಗೆ ಸಿಗದ ಕಲ್ಲಿನ ಗಾತ್ರವನ್ನು ನೀರೇ ಹೇಳುತ್ತದೆ. ಮೊದಲು ಒಣ ಕಲ್ಲನ್ನು ತೂಗಿ. 135 ಗ್ರಾಂ ಬಂತು ಅನ್ನಿ. ಅಳತೆ ಜಾಡಿಗೆ 100 ಮಿಲಿಲೀಟರ್ ನೀರು ಹಾಕಿ, ದಾರ ಕಟ್ಟಿದ ಕಲ್ಲನ್ನು ಮೆಲ್ಲಗೆ ಪೂರ್ತಿ ಮುಳುಗಿಸಿ. ನೀರು 150ಕ್ಕೆ ಏರಿದರೆ ಕಲ್ಲಿನ ಗಾತ್ರ 50 ಮಿಲಿಲೀಟರ್, ಅಂದರೆ 50 ಘನ ಸೆಂಟಿಮೀಟರ್. 135ನ್ನು 50ರಿಂದ ಭಾಗಿಸಿ: ಘನ ಸೆಂಟಿಮೀಟರಿಗೆ 2.7 ಗ್ರಾಂ. ಗ್ರಾನೈಟಿನ ಸಾಂದ್ರತೆ ಹೆಚ್ಚುಕಮ್ಮಿ ಇಷ್ಟೇ.

ತಪ್ಪು ಜಾಸ್ತಿ ಆಗುವುದು ಓದುವಾಗ. ಗಾಜಿನ ಜಾಡಿಯಲ್ಲಿ ನೀರಿನ ಮೇಲ್ಮೈ ನಡುವೆ ತಗ್ಗಿರುತ್ತದೆ, ಅಲ್ವಾ? ಬಗ್ಗಿ, ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗಿನ ತಳವನ್ನೇ ಓದಿ. ಮೇಲಿನಿಂದ ನೋಡಿದರೆ ಅಳತೆ ಜಾಸ್ತಿ ಕಾಣುತ್ತದೆ.

ಇನ್ನೊಂದು ಮಾತು. ಇಡೀ ಭೂಮಿಯ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 5.5 ಗ್ರಾಂ. ನಿಮ್ಮ ಕೈಯಲ್ಲಿರುವ ಕಲ್ಲಿನ ಎರಡರಷ್ಟು! ಭೂಮಿಯೊಳಗೆ ಕಬ್ಬಿಣದ ಭಾರೀ ತಿರುಳಿದೆ ಅನ್ನುವುದಕ್ಕೆ ಇದೂ ಒಂದು ಸುಳಿವು.