ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ, ನಾನು ಅದೇ ಮಾಡಿದ್ದೆ

ಸ್ಕೂಲಿಗೆ ಹೋಗೋಕೆ ಹೆದರುವ 14 ವರ್ಷದ ಮಗಳನ್ನು ರಕ್ತ ಪರೀಕ್ಷೆ ಅಂತ ಹೇಳಿ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ. ದಯವಿಟ್ಟು ಬೇಡ. ನಾನು ಕಣ್ಣಿನ ಪರೀಕ್ಷೆ ಅಂತ ಹೇಳಿದ್ದೆ.

ನನ್ನ ಮಗನಿಗೆ ಆಗ 13. ಶುರುವಾಗಿದ್ದು ಹೊಟ್ಟೆನೋವಿನಿಂದ. ಸೋಮವಾರ ಬೆಳಗ್ಗೆ ನೋವು, ಮಧ್ಯಾಹ್ನದ ಹೊತ್ತಿಗೆ ಇಲ್ಲ. ರಜೆಯಲ್ಲಂತೂ ಸುಳಿವೇ ಇಲ್ಲ. ಸ್ಕ್ಯಾನ್ ಆಯ್ತು, ರಕ್ತ ಪರೀಕ್ಷೆ ಆಯ್ತು, ಎಲ್ಲ ನಾರ್ಮಲ್. ನಾನು ಅವನಿಗೆ ಹೇಳಿದೆ, "ಏನೂ ಇಲ್ವಂತೆ ಕಣೋ, ಎದ್ದು ಹೊರಡು." ಆತಂಕ ಇರುವ ಮಕ್ಕಳಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಸ್ಕೂಲು ವಾರಕ್ಕೆ ಮೂರು ದಿನ ಆಯ್ತು, ಒಂದು ದಿನ ಆಯ್ತು, ಆಮೇಲೆ ನಿಂತೇ ಹೋಯ್ತು. ಮಾತಾಡಿಸಿದರೆ ಸಿಡುಕು. ಡಾಕ್ಟ್ರ ಹತ್ತಿರ ಹೋಗೋಣ ಅಂದರೆ "ನನಗೇನು ಹುಚ್ಚಾ?" ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದ. ನಿಮ್ಮ ಮಗಳೂ ಇದೇ ಮಾತು ಕೇಳಿದಳು ಅಂತ ಬರೆದಿದ್ದೀರಿ, ಅಲ್ವಾ?

ಅವನಿಗೆ ಕನ್ನಡಕ ಇತ್ತು. ತಲೆನೋವು ಅಂತಲೂ ಹೇಳುತ್ತಿದ್ದ. ಹಾಗಾಗಿ "ಕಣ್ಣು ತೋರಿಸಿಕೊಂಡು ಬರೋಣ" ಅಂದೆ. ಒಪ್ಪಿದ. ಅಷ್ಟು ಸುಲಭವಾಗಿ ಒಪ್ಪಿದನಲ್ಲ ಅಂತ ದಾರಿಯುದ್ದಕ್ಕೂ ನನಗೆ ಸಮಾಧಾನವೇ ಇತ್ತು. ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಾಗ ಬಾಗಿಲ ಮೇಲಿನ ಬೋರ್ಡು ಓದಿದ. ನನ್ನ ಮುಖ ನೋಡಲಿಲ್ಲ. ಕನ್ನಡಕ ತೆಗೆದ, ಮಡಚಿದ, ಅಂಗಿ ಜೇಬಿಗೆ ಹಾಕಿಕೊಂಡ. ಒಳಗೆ 40 ನಿಮಿಷ ಹಾಗೇ ಕೂತ. ಡಾಕ್ಟ್ರು ಏನೇನೋ ಕೇಳಿದರು. ಉತ್ತರ ಕೊಟ್ಟಿದ್ದು ಒಂದೇ ಪ್ರಶ್ನೆಗೆ. "ಇಲ್ಲಿಗೆ ಯಾಕೆ ಬಂದಿದ್ದೀಯ ಗೊತ್ತಾ?" ಅಂದರು. "ಕಣ್ಣು ತೋರಿಸೋಕೆ" ಅಂದ.

ಅದಾದ ಮೇಲೆ ಏಳು ತಿಂಗಳು ಅವನು ಯಾವ ಡಾಕ್ಟ್ರ ಹತ್ತಿರವೂ ಬರಲಿಲ್ಲ. ಹಲ್ಲುನೋವು ಬಂದಾಗಲೂ ಇಲ್ಲ. ಕಾರಲ್ಲಿ ಕೂತರೆ "ಎಲ್ಲಿಗೆ?" ಅಂತ ಮೂರು ಸಲ ಕೇಳುತ್ತಿದ್ದ. ಕನ್ನಡಕದ ನಂಬರ್ ಅಷ್ಟರಲ್ಲಿ ನಿಜವಾಗಿಯೂ ಬದಲಾಗಿತ್ತು. ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ. ಕಣ್ಣು ತೋರಿಸೋಣ ಬಾ ಅನ್ನುವ ಹಕ್ಕು ನನಗೆ ಉಳಿದಿರಲಿಲ್ಲ.

ಈ ತಪ್ಪನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಆತಂಕದ ಮಗು ದಿನವಿಡೀ ಒಂದೇ ಯೋಚನೆಯಲ್ಲಿರುತ್ತದೆ: ಮುಂದೇನಾಗುತ್ತೋ? ಅದಕ್ಕೆ ಹಿಡಿದುಕೊಳ್ಳಲು ಇರುವುದು ಅಪ್ಪ ಅಮ್ಮನ ಮಾತು. ಆ ಮಾತನ್ನೇ ನಾನು ಹುಸಿ ಮಾಡಿದೆ. ಎರಡನೆಯದು, ಮುಚ್ಚಿಟ್ಟು ಕರೆದುಕೊಂಡು ಹೋದೆ ಅಂದರೆ ಇದು ಮುಚ್ಚಿಡುವಂಥ ನಾಚಿಕೆಯ ವಿಷಯ ಅಂತ ನಾನೇ ಅವನಿಗೆ ಹೇಳಿದ ಹಾಗಾಯ್ತು. "ನನಗೇನು ಹುಚ್ಚಾ" ಅನ್ನುವ ಅವನ ಪ್ರಶ್ನೆಗೆ ಬಾಯಿ ಬಿಡದೆ ಹೌದು ಅಂದ ಹಾಗೆ. ಮೂರನೆಯದು ನನಗೆ ತಡವಾಗಿ ಹೊಳೆಯಿತು. ಮನಸ್ಸಿನ ಚಿಕಿತ್ಸೆ ಇಂಜೆಕ್ಷನ್ ಥರ ಅಲ್ಲ, ಕೈ ಹಿಡಿದು ಚುಚ್ಚಿ ಮುಗಿಸೋಕೆ. ಥೆರಪಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮಗುವಿನದು. ಭಯ ಹುಟ್ಟಿಸುವ ಯೋಚನೆಯನ್ನು ಬರೆದಿಡಬೇಕು, ಹೆದರುವ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಹೋಗಬೇಕು. ಮೋಸ ಹೋಗಿ ಬಂದು ಕೂತ ಮಗು ಇದೆಲ್ಲ ಯಾಕೆ ಮಾಡುತ್ತದೆ? ಮಗು ಒಳಗೆ ಕಾಲಿಟ್ಟರೆ ಸಾಕು, ಉಳಿದಿದ್ದು ಡಾಕ್ಟ್ರು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಮಗಳನ್ನು ಹೇಗೆ ಕರೆದುಕೊಂಡು ಹೋಗುವುದು ಅನ್ನುವುದನ್ನು ಬಿಡಿ. ಮೊದಲು ನೀವು ಹೋಗಿ.

ಐದನೇ ತಿಂಗಳಲ್ಲಿ ನಾನು ಬೇರೆ ದಾರಿ ಕಾಣದೆ ಒಬ್ಬನೇ ಇನ್ನೊಬ್ಬ ಡಾಕ್ಟ್ರ ಹತ್ತಿರ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಬೆಳಗಿನ ಬಗ್ಗೆ ಕೇಳಿದರು. ಅವನು ಹೊಟ್ಟೆನೋವು ಅಂದಾಗ ನೀವೇನು ಮಾಡ್ತೀರಿ? ಯಾರು ಸ್ಕೂಲಿಗೆ ಫೋನ್ ಮಾಡೋದು? ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ರಜೆ ಪತ್ರ ನಾನೇ, ಟೀಚರ್‌ಗೆ ಸಬೂಬು ನಾನೇ, ರಾತ್ರಿ ಅವನು ನಿದ್ದೆ ಹೋಗುವವರೆಗೂ ಪಕ್ಕದಲ್ಲಿ ನಾನೇ. ಪ್ರೀತಿಯಿಂದ ಮಾಡಿದ್ದು, ಆದರೆ ಭಯಕ್ಕೆ ಅದರಿಂದ ಇನ್ನಷ್ಟು ಜಾಗ ಸಿಕ್ಕಿತ್ತು. ಅದನ್ನು ಒಂದೊಂದಾಗಿ, ಅವನಿಗೆ ಮೊದಲೇ ತಿಳಿಸಿ, ಕಡಿಮೆ ಮಾಡಲು ಕಲಿಸಿದರು. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ರೂಪಿಸಿದ ಈ ಕ್ರಮಕ್ಕೆ ಸ್ಪೇಸ್ ಅಂತ ಹೆಸರು. ಆತಂಕ ಇದ್ದ 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯ್ತು. ಅಪ್ಪ ಅಮ್ಮಂದಿರಿಗೆ ಮಾತ್ರ ತರಬೇತಿ ಕೊಟ್ಟ ಗುಂಪು, ಮಕ್ಕಳಿಗೇ ಥೆರಪಿ ಕೊಟ್ಟ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಬೆಳಗಿನ ಹೊಟ್ಟೆನೋವು, "ಮೊದಲು ಸ್ಕೂಲಿಗೆ ಹೋಗೋಕೆ ಹೆದರಿಕೆ" ಅಂತೆಲ್ಲ ನೀವು ಬರೆದಿರುವುದು ನೋಡಿದರೆ, ಇದನ್ನು ಕೇಳಿ ನೋಡುವುದು ಒಳ್ಳೆಯದು.

ಅವನ ಹತ್ತಿರ ಕ್ಷಮೆಯನ್ನೂ ಕೇಳಿದೆ. "ಕಣ್ಣಿನ ಡಾಕ್ಟ್ರು ಅಂತ ಸುಳ್ಳು ಹೇಳಿದೆ. ತಪ್ಪಾಯ್ತು" ಅಂದೆ, ಅಷ್ಟೇ. "ನಿನ್ನ ಒಳ್ಳೇದಕ್ಕೇ" ಅಂತ ಸೇರಿಸಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಎರಡು ತಿಂಗಳಾದ ಮೇಲೆ ಅವನೇ ಕೇಳಿದ, "ನೀನು ಹೋಗ್ತೀಯಲ್ಲ, ಅವರು ಏನು ಕೇಳ್ತಾರೆ?" ಮುಂದಿನ ವಾರ ಬಂದ. ನಾನು ಒಳಗಿರಬೇಕಾ ಹೊರಗಿರಬೇಕಾ ಅಂತ ಅವನೇ ತೀರ್ಮಾನಿಸಿದ. ಹೊರಗಿರು ಅಂದ.

ಕೌನ್ಸೆಲರಾ, ಮನೋವೈದ್ಯರಾ ಅಂತಲೂ ಕೇಳಿದ್ದೀರಿ. ಮಕ್ಕಳ ಜೊತೆ ಕೆಲಸ ಮಾಡಿ ಅನುಭವ ಇರುವವರು ಯಾರು ಬೇಗ ಸಿಗುತ್ತಾರೋ ಅವರು. ಮಾತ್ರೆ ಬೇಕೆನಿಸಿದರೆ ಮನೋವೈದ್ಯರ ಹತ್ತಿರ ಹೋಗಬೇಕಾಗುತ್ತದೆ. ಮಗನಿಗೂ ಕೆಲವು ತಿಂಗಳು ಆಂಟಿಡಿಪ್ರೆಸೆಂಟ್, ಅಂದರೆ ಖಿನ್ನತೆಗೂ ಆತಂಕಕ್ಕೂ ಕೊಡುವ ಮಾತ್ರೆ, ಕೊಟ್ಟರು. ಅವು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ವಾರಗಳಲ್ಲಿ ಮಗುವನ್ನು ಹತ್ತಿರದಿಂದ ಗಮನಿಸುತ್ತಿರಬೇಕು. ಸಾಯುವ ಯೋಚನೆ ಕೆಲವು ಮಕ್ಕಳಲ್ಲಿ ಹೆಚ್ಚಬಹುದು ಅಂತ 2004ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಮಾತ್ರೆಗಳಿಗೆ ಎಚ್ಚರಿಕೆ ಹಾಕಿಸಿದೆ. ಹಾಗಂತ ಹೆದರಿ ನೀವಾಗಿಯೇ ನಿಲ್ಲಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಮಗಳು ಸಾಯುವ ಮಾತಾಡಿದ್ದರೆ, ಕೈ ಕುಯ್ದುಕೊಂಡ ಗುರುತು ಕಂಡರೆ, ಅವಳು ಒಪ್ಪಲಿ ಬಿಡಲಿ ಅವತ್ತೇ ಆಸ್ಪತ್ರೆಗೆ ಹೋಗಿ. ಆಗಲೂ ಎಲ್ಲಿಗೆ ಅಂತ ನಿಜ ಹೇಳಿಯೇ ಹೋಗಿ. "ಸಾಯಬೇಕು ಅನ್ನಿಸುತ್ತಾ?" ಅಂತ ಇವತ್ತು ರಾತ್ರಿ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಅನ್ನುವುದು ಸುಳ್ಳು.

ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಾಗಿದೆ ಅಂತ ಬರೆದಿದ್ದೀರಿ. ಕ್ಯಾನ್ಸಲ್ ಮಾಡಬೇಡಿ. ಫೋನ್ ಮಾಡಿ, ಈ ಸಲ ಅಪ್ಪ ಅಮ್ಮ ಮಾತ್ರ ಬರುತ್ತೇವೆ ಅಂತ ತಿಳಿಸಿ. ನಿಮ್ಮ ಯಜಮಾನರನ್ನೂ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆಯ ಉಪಾಯ ಅವರದ್ದೇ ತಾನೇ. ಹೊರಡುವ ಮುಂಚೆ ಮಗಳ ಬಾಗಿಲು ತಟ್ಟಿ, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ.