ಐರಿಷ್ ಕಾಫಿಯಲ್ಲಿ ಕ್ರೀಮ್ ಮುಳುಗುವ ಬಗ್ಗೆ

ಕ್ರಿಸ್‌ಮಸ್‌ಗೆಂದು ಐರಿಷ್ ಕಾಫಿ, ಅಂದರೆ ವಿಸ್ಕಿ ಬೆರೆಸಿ ಮೇಲೆ ಕ್ರೀಮ್ ತೇಲಿಸುವ ಬಿಸಿ ಕಾಫಿ, ಮಾಡಿ ನೋಡಿದಾಗ ಕ್ರೀಮ್ ಮೇಲೆ ನಿಲ್ಲದೆ ಕಲೆತುಹೋಯಿತೆಂದು ಕೇಳಿದ್ದೀರಿ. ನೀವು ಸಕ್ಕರೆಯನ್ನು ಬಿಟ್ಟದ್ದೇ ಅದಕ್ಕೆ ಮುಖ್ಯ ಕಾರಣವಾಗಿರಬೇಕು. ವಿಸ್ಕಿ ನೀರಿಗಿಂತ ಹಗುರವಾದುದರಿಂದ ಅದು ಬೆರೆತ ಕಾಫಿಯ ಸಾಂದ್ರತೆ ಇಳಿಯುತ್ತದೆ. ಆ ಕೊರತೆಯನ್ನು ತುಂಬಿ ಕ್ರೀಮನ್ನು ಹೊತ್ತು ನಿಲ್ಲಿಸುವುದು ಕರಗಿದ ಸಕ್ಕರೆ. ನೀವು ಬಳಸಿದ 25 ಶೇಕಡಾ ಕೊಬ್ಬಿನ ಪೊಟ್ಟಣದ ಕ್ರೀಮಿನ ಮೇಲೂ ನನಗೆ ಅನುಮಾನವಿದೆ. ಅದು ಪಲ್ಯ, ಗ್ರೇವಿಗಳಿಗೆ ಸರಿ, ಇದಕ್ಕೆ ತೆಳು.

35 ಶೇಕಡಾ ಕೊಬ್ಬಿರುವ, ಸಿಹಿಯಿಲ್ಲದ ಹಾಲಿನ ಕ್ರೀಮ್ ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ಇರುವ ಪೊಟ್ಟಣವನ್ನು ಅಲುಗಾಡಿಸದೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ತಳದ ನೀರನ್ನು ಬಿಟ್ಟು ಮೇಲಿನ ಗಟ್ಟಿ ಭಾಗವನ್ನಷ್ಟೇ ತೆಗೆದುಕೊಳ್ಳಿ; ಇದು ಪ್ರತಿ ಸಲವೂ ಕೈಗೂಡುತ್ತದೆಂದು ಹೇಳಲಾರೆ. ತಣ್ಣನೆಯ ಪಾತ್ರೆಯಲ್ಲಿ 50 ಮಿ.ಲೀ. ಕ್ರೀಮನ್ನು ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಮಾತ್ರ ಕಡೆಯಿರಿ. ಕೇಕಿನ ಕ್ರೀಮಿನಂತೆ ಗಟ್ಟಿಯಾದರೆ ಅದು ತೇಲುತ್ತದೆ, ಆದರೆ ಕುಡಿಯುವಾಗ ಕಾಫಿಯೊಂದಿಗೆ ಬಾಯಿಗೆ ಬರುವುದಿಲ್ಲ.

ಗಾಜಿನ ಲೋಟವನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿ ಆ ನೀರನ್ನು ಚೆಲ್ಲಿ, 120 ಮಿ.ಲೀ. ಬಿಸಿ ಕಾಫಿಯಲ್ಲಿ ಎರಡು ಟೀ ಚಮಚ ಸಕ್ಕರೆಯನ್ನು ಪೂರ್ಣವಾಗಿ ಕರಗಿಸಿದ ಮೇಲೆ 50 ಮಿ.ಲೀ. ಐರಿಷ್ ವಿಸ್ಕಿಯನ್ನು ಸೇರಿಸಿ. ಫಿಲ್ಟರ್ ಡಿಕಾಕ್ಷನ್ ಬಳಸುವುದಾದರೆ ಬಿಸಿನೀರು ಬೆರೆಸಿ ಹದಮಾಡಿಕೊಳ್ಳಿ. ಚಿಕೋರಿಯಿಲ್ಲದ ಪುಡಿ ಮೇಲು ಎಂಬುದು ನನ್ನ ರುಚಿ. ಲೋಟದ ಸುಳಿ ನಿಂತ ಮೇಲೆ ಚಮಚವನ್ನು ಬೋರಲಾಗಿ ಕಾಫಿಗೆ ತಾಗುವಂತೆ ಹಿಡಿದು, ಅದರ ಬೆನ್ನಿನ ಮೇಲೆ ಕ್ರೀಮನ್ನು ನಿಧಾನವಾಗಿ ಇಳಿಬಿಡಿ. ಆಮೇಲೆ ಕಲಕಬೇಡಿ.