ಕಷಾಯವೂ ಔಷಧಿಯೇ

"ಅಕ್ಕಾ, ಮುಂದಿನ ತಿಂಗಳು ಸುವೊನ್‌ಗೆ ಬರುತ್ತಿದ್ದೇವೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಗೆ ವಾರ್ಫರಿನ್ ತಗೋತೀನಿ. ಕೊರಿಯಾದ ಗಿಡಮೂಲಿಕೆ ಔಷಧಿ ಶುರುಮಾಡಿ ಇದನ್ನು ಬಿಡಬಹುದಾ?" ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನನ್ನದೂ ಅದೇ ಕಾಯಿಲೆ, ಅದೇ ಮಾತ್ರೆ. ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು.

ವಿಮೆ ಯಜಮಾನರ ಕಂಪನಿ ಮೂಲಕ ಆಗುತ್ತದೆ. ಅಕ್ಯುಪಂಕ್ಚರ್ ಸೂಜಿ ಚಿಕಿತ್ಸೆಗೆ ವಿಮೆ ಉಂಟು, ಕುದಿಸಿ ಕೊಡುವ ಕಷಾಯಕ್ಕೆ ಹೆಚ್ಚಾಗಿ ಇಲ್ಲ.

ನನ್ನ ಮೊದಲ ಚಳಿಗಾಲ. ಕೈಕಾಲು ಐಸ್, ಸದಾ ಸುಸ್ತು. ಮನೆ ಓನರ್ ಅಜ್ಜಿ ಹಾನಿವೊನ್‌ಗೆ, ಅಂದರೆ ಇಲ್ಲಿನ ಸಾಂಪ್ರದಾಯಿಕ ವೈದ್ಯರ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ವೈದ್ಯರು ನಾಡಿ ಹಿಡಿದು ನಾಲಿಗೆ ನೋಡಿದರು. ನಮ್ಮೂರ ಪಂಡಿತರ ನೆನಪಾಗಿ ಗಂಟಲು ಕಟ್ಟಿತು. ಏನು ಮಾತ್ರೆ ತಗೋತೀರಿ ಅಂತ ಕೇಳಿದರು. ಬರುವ ಅರೆಬರೆ ಭಾಷೆಯಲ್ಲಿ "ರಕ್ತದ ಮಾತ್ರೆ" ಅಂದೆ. ಅವರು ಕಬ್ಬಿಣದ ಮಾತ್ರೆ ಅಂದುಕೊಂಡಿರಬೇಕು.

ಎರಡು ದಿನ ಬಿಟ್ಟು ಒಂದು ಡಬ್ಬಿ ತುಂಬ ಪ್ಯಾಕೆಟ್ ಬಂತು. ಮೂಲೆ ಕತ್ತರಿಸಿ ಸುರಿದರೆ ಕಪ್ಪು ಕಷಾಯ. ಓಂಕಾಳು, ಒದ್ದೆ ಮಣ್ಣು ಎರಡೂ ಸೇರಿದಂಥ ಘಾಟು. ಅದು ಡಾಂಗ್ವಿ ಬೇರಿನದು. ರಕ್ತಕ್ಕೆ ಒಳ್ಳೆಯದೆಂದು ಇಲ್ಲಿ ಹೆಂಗಸರಿಗೆ ಜಾಸ್ತಿ ಕೊಡುತ್ತಾರೆ.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದ್ದಳು, "ಹಾನ್‌ಯಾಕ್ ಕುಡೀತೀರಾ?" ಹಾನ್‌ಯಾಕ್ ಅಂದರೆ ಇಲ್ಲಿನ ಗಿಡಮೂಲಿಕೆ ಔಷಧಿ. ಇಲ್ಲ ಅಂದೆ. ಸುಳ್ಳು ಹೇಳಬೇಕೆಂದಲ್ಲ. ಅಮ್ಮ ಕಾಸಿ ಕೊಡುತ್ತಿದ್ದ ಮೆಣಸಿನ ಕಷಾಯವನ್ನು ನಾವು ಯಾವ ಡಾಕ್ಟರಿಗೆ ಹೇಳಿದ್ದೇವೆ? ಕಷಾಯ ಔಷಧಿ ಲೆಕ್ಕಕ್ಕೇ ಬರುವುದಿಲ್ಲ, ಅಲ್ವಾ.

ಮೂರು ವಾರಕ್ಕೆ ಬ್ರಷ್‌ನಲ್ಲಿ ರಕ್ತ. ಅಕ್ಕಿ ಚೀಲ ಹಿಡಿದ ತೋಳಿನ ಮೇಲೆ ಅಂಗೈಯಗಲ ನೀಲಿ ಕಲೆ. ಐಎನ್ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ತೋರಿಸುವ ಅಂಕಿ; 2ರಿಂದ 3ರೊಳಗೆ ಇರಬೇಕಾದ ಅದು 6 ದಾಟಿತ್ತು. ಡಾಂಗ್ವಿ ವಾರ್ಫರಿನ್‌ನ ಬಲ ಹೆಚ್ಚಿಸಬಹುದು. ಕೆಂಪು ಜಿನ್ಸೆಂಗ್ ಅದನ್ನು ಇಳಿಸಬಹುದು, ಆಗ ಮತ್ತೆ ಹೆಪ್ಪುಗಟ್ಟುವ ಭಯ. ಹಬ್ಬಕ್ಕೆ ಆಫೀಸಿನವರು ಕೊಡುವ ಉಡುಗೊರೆ ಡಬ್ಬಿಯಲ್ಲಿ ಈ ಜಿನ್ಸೆಂಗ್ ಇರುತ್ತದೆ. ಔಷಧಿ ಅಂಗಡಿಯಲ್ಲಿ ನೆಗಡಿಗೆ ಕೊಡುವ ಸಾಂಗ್ಹ್ವಾತಾಂಗ್‌ನಲ್ಲೂ ಡಾಂಗ್ವಿ ಉಂಟು.

"ವಾಪಾರಿನ್" ಅಂತ ಕೊರಿಯನ್ ಅಕ್ಷರದಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಆಸ್ಪತ್ರೆ, ಹಾನಿವೊನ್ ಎರಡೂ ಕಡೆ ತೋರಿಸಿ.

ಉಳಿದ ಪ್ಯಾಕೆಟ್‌ಗಳನ್ನು ರಾತ್ರಿ ಸಿಂಕಿಗೆ ಸುರಿದೆ. ಅಜ್ಜಿ ಮುಗೀತಾ ಅಂತ ಕೇಳಿದರು. ಹೂಂ ಅಂದೆ. ಮುಂದಿನ ವಾರ ತಮ್ಮ ದುಡ್ಡಲ್ಲೇ ಇನ್ನೊಂದು ಡಬ್ಬಿ ತಂದು ಬಾಗಿಲಲ್ಲಿಟ್ಟು ಹೋಗಿದ್ದರು.